ಮಾವನ ಮಣೆ ಮತ್ತು ಮಿಡಿ ವೈರು

ನನ್ನ ಸೋದರಮಾವನಷ್ಟು ಹೆದರುಪುಕ್ಕಲ ಮನುಷ್ಯ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಯಾವ ಬಸ್ಸು ಹತ್ತಿ ಹುಡುಕಿದರೂ ಸಿಗಲಾರ! ಬಾಯಿಗೆ ಬಂದಂತೆ ಹೇಳುತ್ತಿಲ್ಲ, ದಿನಚರಿ ಬರೆಯುವವಳು ನಾನು. ಮಾವನಿಗೆ ಕರೆಂಟು ಹೊಡೆದದ್ದು: ಸೊನ್ನೆ ಸಲ. 'ಹೊಡೀತು!' ಎಂದು ಕಿರುಚಿದ್ದು: ಪುಟ ತುಂಬಿಹೋದ ಮೇಲೆ ಗೀಟು ಹಾಕುವುದನ್ನೇ ಬಿಟ್ಟಿದ್ದೇನೆ.

ಇಂಥವರು ಹೊಟ್ಟೆಪಾಡಿಗೆ ಏನು ಮಾಡಬೇಕು ಹೇಳಿ? ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ವ್ಯಾಪಾರ ಮಾಡಬಹುದಿತ್ತು. ಗೂಡು ಯಾರಿಗೂ ಶಾಕ್ ಹೊಡೆಯುವುದಿಲ್ಲ. ನಮ್ಮ ಮಾವ ಹಿಡಿದದ್ದು ಎಲೆಕ್ಟ್ರಿಕ್ ಬೇಸ್ ಗಿಟಾರು! ಮದುವೆಗಳಲ್ಲಿ ಹಾಡುವ ನಮ್ಮ ಆರ್ಕೆಸ್ಟ್ರಾದಲ್ಲಿ ಅವರದು ಬೇಸ್, ನನ್ನದು ಹಾಡು.

ವೇದಿಕೆಯಲ್ಲಿ ಗಣಪತಿ ಫೋಟೋಗೆ ಪೂಜೆ ಆಗುತ್ತದೆ, ಹಾಗಾಗಿ ಚಪ್ಪಲಿ ಹಾಕುವಂತಿಲ್ಲ. ನಾವೆಲ್ಲ ಬರಿಗಾಲಲ್ಲಿ ನಿಂತರೆ ಮಾವ ಮನೆಯಿಂದ ಕಂಕುಳಲ್ಲಿ ಹಲಸಿನ ಹಲಗೆಯ ಊಟದ ಮಣೆ ತಂದು, ಅದರ ಮೇಲೆ ನಿಂತು ಬಾರಿಸುತ್ತಾರೆ. ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ಬಾಗಿಲಲ್ಲೇ ತಡೆದರು.

"ಬೀಗರ ಕಡೆಯೋರಾ? ಇನ್ನೂ ಎಲೆ ಹಾಕಿಲ್ಲ ಕಣಪ್ಪ, ಮಣೆ ತಗೊಂಡು ಬಂದೇಬಿಟ್ರಾ!"

ಆ ಮಣೆಯ ಮೇಲೆ ನಾನು ಒಂದು ಬೆರಳಿಟ್ಟರೂ ಮಾವ ಬಿಡುತ್ತಿರಲಿಲ್ಲ. "ಮಣೆ ಒಬ್ಬರಿಗೇ ಕಣಮ್ಮ. ಇಬ್ಬರು ನಿಂತ್ರೆ ಕರೆಂಟಿಗೆ ದಾರಿ ಸಿಗುತ್ತೆ." ಇದು ಯಾವ ವಿಜ್ಞಾನವೋ!

ಜೇಬಿನಲ್ಲಿ ಸದಾ ಟೆಸ್ಟರು ಬೇರೆ. ಮೈಕಿಗೆ, ಗಿಟಾರಿನ ತಂತಿಗೆ, ಕುರ್ಚಿಯ ಕಬ್ಬಿಣಕ್ಕೆ ಮುಟ್ಟಿಸಿಯೇ ಮುಂದಿನ ಕೆಲಸ. ಮಂಡಿಕಲ್ ಕಡೆಯ ಮದುವೆಯೊಂದರಲ್ಲಿ ಮದುಮಗ ಕೈಕುಲುಕಲು ಬಂದ. ಹಿಂದೆ ಸೀರಿಯಲ್ ಲೈಟು ಮಿನುಗುತ್ತಿತ್ತು. ಮಾವ ಅವನ ಕೈಗಡಿಯಾರಕ್ಕೆ ಟೆಸ್ಟರು ಒತ್ತಿ, "ಲೈಟ್ ಬರ್ಲಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ಹೆಣ್ಣಿನ ತಾಯಿ ಉರಿದುಬಿದ್ದರು: "ಏನಪ್ಪಾ, ನಮ್ಮಳಿಯನಲ್ಲಿ ಏನು ಐಬು ಹುಡುಕ್ತಿದೀಯ?"

ಇವೆಲ್ಲ ಸಣ್ಣ ಭಯಗಳು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ದೊಡ್ಡದೊಂದು ಬಂತು. ನಮ್ಮ ಲೀಡರ್ ಹೊಸ ಕೀಬೋರ್ಡ್ ತಂದರು. ಬಲಗೈಯಲ್ಲಿ ಪಿಟೀಲು, ಎಡಗೈಯಲ್ಲಿ ಬೇಸ್! ಮಾವನ ಬದುಕೇ ಇನ್ನೊಬ್ಬರ ಎಡಗೈಗೆ ಹೋಗಿ ಕೂತಿತ್ತು.

"ಅಣ್ಣಾ, ನಿಮ್ಮ ಗಿಟಾರು ಹಳೇ ಡ್ರಮ್ ಬಡಿದಂಗೆ ಕೇಳುತ್ತೆ" ಎಂದರು ಲೀಡರ್. "ಗೌರಿಬಿದನೂರು ಪ್ರೋಗ್ರಾಂ ನೋಡಣ. ಸೌಂಡ್ ಸರಿ ಹೋಗ್ಲಿಲ್ಲ ಅಂದ್ರೆ ಬೇಸ್ ನಾನೇ ಬಾರಿಸ್ಕೋತೀನಿ. ಬೇಜಾರು ಮಾಡ್ಕೋಬೇಡಿ."

ಮಾವ ಆವತ್ತು ಊಟ ಮಾಡಲಿಲ್ಲ. ಮರುವಾರ ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯೊಂದನ್ನು ತಂದರು. ಟಿಫನ್ ಡಬ್ಬಿಯಷ್ಟಿದ್ದ ಅದು ಬೀರುವಿನಷ್ಟು ದೊಡ್ಡ ಆಂಪ್ಲಿಫೈಯರುಗಳ ದನಿಯನ್ನೆಲ್ಲ ಅನುಕರಿಸುತ್ತದಂತೆ! ಗಿಟಾರಿನಿಂದ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಸೌಂಡ್ ಮಿಕ್ಸರಿಗೆ ಇನ್ನೊಂದು. ಮಣೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಎರಡನ್ನೂ ಸಿಕ್ಕಿಸಿದರು. ಲೀಡರ್ ಮೂರನೆಯದನ್ನು ಕೊಟ್ಟರು.

"ಇದು ಮಿಡಿ ವೈರು. ನಾನು ಕೀಬೋರ್ಡಲ್ಲಿ ಹಾಡು ಬದಲಾಯಿಸಿದ್ರೆ ನಿಮ್ಮ ಪೆಟ್ಟಿಗೇನೂ ತಾನೇ ಸೌಂಡ್ ಬದಲಾಯಿಸ್ಕೊಳುತ್ತೆ."

"ಮಿಡೀನಾ? ಉಪ್ಪಿನಕಾಯಿ ಹಾಕ್ತಾರಲ್ಲ, ಅದಾ?"

"ಅಲ್ಲಣ್ಣ. ಇದರಲ್ಲಿ ಶಬ್ದ ಹೋಗಲ್ಲ, ಬರೀ ಸೂಚನೆ ಹೋಗುತ್ತೆ."

"ಶಬ್ದಾನೇ ಹೋಗಲ್ವಾ!" ಮಾವ ಬೆದರಿ ವೈರನ್ನು ನೋಡಿದರು. ಆಮೇಲೆ ಏನೋ ಹೊಳೆದು ನನ್ನ ಕಡೆ ತಿರುಗಿದರು. "ನಿಮ್ಮತ್ತೆ ಥರ ಕಣಮ್ಮ. ತುಟಿ ಬಿಚ್ಚಲ್ಲ, ಕಣ್ಣಲ್ಲೇ ಮನೆ ನಡೆಸ್ತಾಳೆ."

ಪೆಟ್ಟಿಗೆಯಲ್ಲೂ ಕೀಬೋರ್ಡಿನಲ್ಲೂ 'ಇನ್', 'ಔಟ್' ಎಂಬ ತೂತುಗಳಿದ್ದವು. ಮಾವ 'ಇನ್'ಗೆ 'ಇನ್' ಸೇರಿಸಿದರು. ಪೆಟ್ಟಿಗೆ ಅಲ್ಲಾಡಲಿಲ್ಲ. ಲೀಡರ್ ಹಣೆ ಚಚ್ಚಿಕೊಂಡರು.

"ಅಣ್ಣಾ, ಈ 'ಇನ್' ಆ 'ಇನ್' ಅಣ್ಣತಮ್ಮಂದಿರು! ಅವರವರಲ್ಲೇ ಹೆಣ್ಣು ಕೊಡ್ತಾರಾ? ಔಟು ನೆಂಟರ ಮನೆ. ನನ್ನ 'ಔಟ್'ಗೆ ನಿಮ್ಮ 'ಇನ್'."

"ಅಯ್ಯೋ ದೇವುಡಾ!" ಮಾವ ನಿಜಕ್ಕೂ ಕೆನ್ನೆ ತಟ್ಟಿಕೊಂಡು, ತಪ್ಪು ಸಂಬಂಧ ಬಿಡಿಸಿ, ಸರಿಯಾದದ್ದು ಕೂಡಿಸಿದರು. ಪೆಟ್ಟಿಗೆಯಲ್ಲಿ ಕೆಂಪು ದೀಪ ಕಣ್ಣು ಬಿಟ್ಟಿತು. ಮತ್ತೆ ಅದಲುಬದಲಾಗದಿರಲೆಂದು ವೈರಿನ ತಲೆಗೆ ಅರಿಶಿನದ ದಾರವನ್ನೂ ಕಟ್ಟಿದರು.

ಗೌರಿಬಿದನೂರಿನ ಆರತಕ್ಷತೆಗೆ ಕುಡುಮಲಕುಂಟೆ ಫ್ಯಾಕ್ಟರಿಯವರೆಲ್ಲ ಬಂದಿದ್ದರು. ಹುಡುಗ ಅಲ್ಲೇ ಕೆಲಸದಲ್ಲಿದ್ದ. ಮಧ್ಯಾಹ್ನ ಮಳೆ ಬಿದ್ದು ಶಾಮಿಯಾನದ ಕೆಳಗಿನ ಜಮಖಾನ ಕಾಲಿಟ್ಟರೆ ಪಚಪಚ ಎನ್ನುತ್ತಿತ್ತು. ನೆಲದ ಮೇಲೆಯೇ ನಮ್ಮ ವೇದಿಕೆ. ಮಾವನ ಮುಖ ಸುಣ್ಣವಾಗಿತ್ತು. ಅವರ ಭಯ ನನಗೂ ಅಂಟಿತ್ತು. ಒಂದು ವೈರು ಕೈಕೊಟ್ಟರೆ ಮಾವ ನಾಳೆಯಿಂದ ಮನೆಯಲ್ಲಿ!

ಮೊದಲೆರಡು ಹಾಡು ಸುಸೂತ್ರವಾಗಿ ಸಾಗಿದವು. ಮೂರನೆಯದರ ನಡುವೆ ಕರೆಂಟು ಹೋಗಿ ಜನರೇಟರ್ ಗುಡುಗುಟ್ಟಿತು. ಮೈಕು ಬಾಯಿಗೆ ತಂದೆ. ಚುರ್ ಎಂದು ತುಟಿಗೆ ಸೂಜಿ ಚುಚ್ಚಿದಂತಾಗಿ ಹಾರಿಬಿದ್ದೆ. ಕಣ್ಣಲ್ಲಿ ನೀರು. ಎದುರಿಗೆ ಊರೆಲ್ಲ ನೋಡುತ್ತಿದೆ, ಲೀಡರ್ ಮುಂದಿನ ಚರಣ ಎತ್ತಿಕೊಟ್ಟಿದ್ದಾರೆ, ಮೈಕಿನ ಹತ್ತಿರ ಹೋಗಲು ನನಗೆ ಧೈರ್ಯವಿಲ್ಲ.

ಆಗ ಕಾಲಿಗೆ ಏನೋ ತಾಗಿತು. ಹಲಸಿನ ಮಣೆ.

ಮಾವ ಅದನ್ನು ಪಾದದಿಂದ ನನ್ನತ್ತ ತಳ್ಳಿ, ತಾವು ಒದ್ದೆ ಜಮಖಾನದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಕೈಯಲ್ಲಿ ಅದೇ ಕಬ್ಬಿಣದ ತಂತಿಗಳು. "ಹತ್ತು ಕಣೇ" ಎಂದು ತುಟಿಯಲ್ಲೇ ಅಂದರು. ಶಬ್ದ ಬರಲಿಲ್ಲ, ಸೂಚನೆ ಬಂತು. ನಾನು ಹತ್ತಿ ನಿಂತು ಹಾಡಿದೆ. ಮಾವ ಕಣ್ಣು ಬಿಗಿಯಾಗಿ ಮುಚ್ಚಿ, ಮೈಯೆಲ್ಲ ಗಡಗಡ ನಡುಗುತ್ತಾ ಬಾರಿಸಿದರು.

ಹಾಡು ಮುಗಿದ ಕೂಡಲೇ ಜನರೇಟರಿನವನು ಓಡಿಬಂದು ಅರ್ಥ್ ವೈರು ಸರಿಮಾಡಿದ. ಹಿಂದೆಯೇ ಲೀಡರ್ ಬಂದರು. "ಅಣ್ಣಾ, ಈಗ ಬೇಸಲ್ಲಿ ಒಂದು ನಡುಕ ಬಂತಲ್ಲ! ಪೆಟ್ಟಿಗೇಲಿ ಯಾವ ನಂಬರು ಅದು?"

ಮಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. ಅವು ಇನ್ನೂ ನಿಂತಿರಲಿಲ್ಲ. "ಅದು ಪೆಟ್ಟಿಗೇಲಿಲ್ಲಪ್ಪ."

"ಎಲ್ಲಿದ್ರೂ ಸರಿ, ಮುಂದಿನ ಸಲಾನೂ ತನ್ನಿ. ನನ್ನ ಎಡಗೈಗೆ ಅದು ಬರಲ್ಲ."

ಮುಂದಿನ ಪ್ರೋಗ್ರಾಂ ಚಿಕ್ಕಬಳ್ಳಾಪುರದಲ್ಲಿತ್ತು. ಅತ್ತೆ ಬಾಗಿಲಲ್ಲಿ ನಿಂತು, ಎಂದಿನಂತೆ ಕಣ್ಣಲ್ಲೇ ನಮ್ಮನ್ನು ಕಳಿಸಿಕೊಟ್ಟರು. ಮಾವ ಹೊರಗೆ ಬಂದಾಗ ಅವರ ಕಂಕುಳಲ್ಲಿ ಎರಡು ಮಣೆಗಳಿದ್ದವು. ಎರಡನೆಯದು ಅತ್ತೆ ಊಟಕ್ಕೆ ಕೂರುವ ಮಣೆ.