ಅಮ್ಮನೊಡನೆ ದ್ವೀಪದ್ವಯ ದಿಗ್ವಿಜಯ

ನನ್ನ ತಮ್ಮ ಮ್ಯಾಲಕಿ ಅಮ್ಮನನ್ನು ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ಡ್ಸ್ ಯಾತ್ರೆಗೆ ಕರೆದುಕೊಂಡು ಹೋಗಿ ಒಂಬತ್ತು ವರ್ಷವಾಯಿತು. ಅವನು ಮರುವಾರವೇ ವಾಪಸು ಬಂದು ಡಬ್ಲಿನ್ನಿನಲ್ಲಿ ಜನರ ಹಲ್ಲು ಕೀಳುವ ತನ್ನ ಕಾಯಕದಲ್ಲಿ ತೊಡಗಿದ. ಅಮ್ಮ ಮಾತ್ರ ಇನ್ನೂ ಬಂದಿಲ್ಲ. ದೇಹ ರಾಸ್ಕಾಮನ್ನಿನ ನಮ್ಮ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರೂ ಆತ್ಮ ಫ್ರಾನ್ಸಿನಲ್ಲೇ ಇದೆ.

ಚಹಾ ತಣ್ಣಗಾಗಿದ್ದರೆ, “ಲೂರ್ಡ್ಸ್‌ನಲ್ಲಿ ಮ್ಯಾಲಕಿ ಎಷ್ಟು ಬಿಸಿಯಾಗಿ ತಂದ್ಕೊಡ್ತಿದ್ದ!” ಮಳೆ ಬಂದರೆ, “ಲೂರ್ಡ್ಸ್‌ನಲ್ಲಿ ಮ್ಯಾಲಕಿ ತಾನು ನೆನ್ಕೊಂಡು ನನಗೆ ಕೊಡೆ ಹಿಡೀತಿದ್ದ.” ಮಳೆ ಬರದಿದ್ದರೆ (ನಮ್ಮ ಕಡೆ ಇದು ವಿರಳ), “ಲೂರ್ಡ್ಸ್‌ನಲ್ಲೂ ಹಿಂಗೇ ಬಿಸಿಲು.”

ಹಿರಿಯ ಮಗ ನಾನು, ಫರ್ಗಲ್. ವರ್ಷವಿಡೀ ಅಮ್ಮನನ್ನು ಡಾಕ್ಟರ ಹತ್ತಿರ, ಚರ್ಚಿಗೆ, ಕೂದಲಿಗೆ ಸುರುಳಿ ಹಾಕುವವಳ ಹತ್ತಿರ ಕರೆದೊಯ್ಯುವವನು ನಾನು. ಆದರೆ ಕೂದಲ ಸುರುಳಿಯನ್ನು ಯಾರೂ ಒಂಬತ್ತು ವರ್ಷ ನೆನಪಿಡುವುದಿಲ್ಲ.

ಹಾಗಾಗಿ ಈ ಜೂನ್ ತಿಂಗಳಲ್ಲಿ, ಶಾಲೆಗೆ ರಜೆ ಸಿಕ್ಕಿದ ಕೂಡಲೇ, ನನ್ನ ತಲೆಯಲ್ಲಿ ಒಂದು ಮಹದಾಲೋಚನೆ ಮಿಂಚಿತು. ಅಮ್ಮನನ್ನು ಕೂರಿಸಿಕೊಂಡು ಐರ್ಲೆಂಡ್ ಮತ್ತು ಬ್ರಿಟನ್ ಎಂಬ ಎರಡು ದ್ವೀಪಗಳನ್ನೂ ಕಾರಿನಲ್ಲಿ ಜಯಿಸುವುದು! ಭೂಗೋಳದ ಮೇಷ್ಟ್ರು ನಾನು. ಕರಾವಳಿಗಳು ನನ್ನ ಅಂಗೈಯಲ್ಲಿವೆ. ಹಲ್ಲಿನ ಡಾಕ್ಟರನಿಗೆ ಏನು ಗೊತ್ತು ಕರಾವಳಿ?

“ಲೂರ್ಡ್ಸ್‌ಗೆ ಸೆಡ್ಡು ಹೊಡೆಯೋಕೆ ಹೊರಟಿದೀಯಾ?” ಎಂದಳು ಹೆಂಡತಿ ನೋರೀನ್, ನಕ್ಷೆಯ ಮೇಲಿಂದ ನನ್ನ ಚಹಾದ ಬಟ್ಟಲನ್ನು ಎತ್ತುತ್ತಾ.

“ಛೇ ಛೇ. ಎಪ್ಪತ್ತೊಂಬತ್ತಾಯ್ತು, ಅಮ್ಮ ನಾಲ್ಕು ಜಾಗ ನೋಡ್ಲಿ ಅಂತ.”

“ಅಂದ್ರೆ ಸೆಡ್ಡು ಹೊಡೆಯೋಕೇ. ಹೋಗಿ ಬಾ. ನಿಮ್ಮಿಬ್ಬರ ಪ್ರವಾಸ ಅಂದ್ರೆ ನನಗೆ ರಜ.”

ನನ್ನ ಯೋಜನೆಗೆ ಒಂದು ಕಿರೀಟವೂ ಇತ್ತು. ಯಾರ್ಕ್‌ಶೈರಿನ ಥಾರ್ನ್‌ವಿಕ್ ಕೋಟೆ. ಅಲ್ಲಿ ಡ್ಯೂಕ್ ಮಹಾಶಯರ ದರ್ಬಾರು ಸಭಾಂಗಣದಲ್ಲಿ ಮೂರು ಅಂತಸ್ತಿನ ಬೆಳ್ಳಿ ತಟ್ಟೆಯಲ್ಲಿ ಕೇಕು, ಸ್ಕೋನು, ಚಹಾ. ಮಧ್ಯಾಹ್ನ ಮೂರಕ್ಕೆ ಅಮ್ಮನ ಹೆಸರಿನಲ್ಲಿ ಮೇಜು ಕಾದಿರಿಸಿದ್ದೆ. ಆ ಮೇಜಿನ ಮುಂದೆ ಅಮ್ಮ ನಗುತ್ತಾ ಕೂತ ಒಂದು ಫೋಟೋ. ಅದು ಮ್ಯಾಲಕಿಯ ಫೋನಿಗೆ. ಅಷ್ಟೇ ನನ್ನ ಆಸೆ. ಜೊತೆಗೆ ಊರಿಗೆ ಬಂದಮೇಲೆ ಭಾನುವಾರ ಚರ್ಚಿನ ಅಂಗಳದಲ್ಲಿ, ನಾಲ್ಕು ಜನರ ಎದುರು, ಮ್ಯಾಲಕಿಯ ಎದುರು ಅಂತೂ ಖಂಡಿತ, ಅಮ್ಮನ ಬಾಯಿಂದ ಒಂದೇ ಮಾತು: “ಲೂರ್ಡ್ಸ್‌ಗಿಂತ ಇದೇ ಚೆನ್ನಾಗಿತ್ತು.”

ಹೊರಟ ದಿನ ಏನು ಉತ್ಸಾಹ ಅಂತೀರಿ! ಅಮ್ಮ ಹೊಸ ನೀಲಿ ಕೋಟು ತೊಟ್ಟು, ಒಂದು ಇಡೀ ಹಣ್ಣಿನ ಕೇಕನ್ನು ಕೈಚೀಲದಲ್ಲಿ ತುರುಕಿಕೊಂಡು (“ಆಪತ್ತಿಗೆ ಇರ್ಲಿ”), ಬೆಳಕು ಹರಿಯುವ ಮುಂಚೆಯೇ ಕಾರಿನಲ್ಲಿ ಕೂತಿದ್ದಳು. ನಾನು ಗೇಟು ದಾಟುವಷ್ಟರಲ್ಲೇ ರೇಡಿಯೋ ಹಾಕಿದಳು.

ಅನರ್ಥ ಶುರುವಾದದ್ದೇ ಆ ರೇಡಿಯೋದಿಂದ. ನಮ್ಮ ಊರುಕೇರಿಯ ರೇಡಿಯೋಗಳಲ್ಲಿ ದಿನಾ ತಪ್ಪದೆ ಯಾರು ತೀರಿಕೊಂಡರು, ಪೂಜೆ ಯಾವ ಚರ್ಚಿನಲ್ಲಿ, ಎಷ್ಟು ಹೊತ್ತಿಗೆ ಎಂದು ಓದುತ್ತಾರೆ. ಅಮ್ಮನಿಗೆ ಬೇರೆ ಸುದ್ದಿ ಸುದ್ದಿಯೇ ಅಲ್ಲ. ಸರ್ಕಾರ ಬಿದ್ದರೆ ಆಕಳಿಸುತ್ತಾಳೆ. ಯಾರಾದರೂ ಬಿದ್ದರೆ ಕೋಟು ಹುಡುಕುತ್ತಾಳೆ.

ನಾವು ಕ್ಲೇರ್ ಸೀಮೆಗೆ ಬಂದು, ಕಡಲಂಚಿನ ಪ್ರಸಿದ್ಧ ಮೋಹರ್ ಬಂಡೆಗಳು ಇನ್ನೇನು ಕಂಡೇಬಿಟ್ಟವು ಅನ್ನುವಾಗ ಅಮ್ಮ ನನ್ನ ತೋಳು ಹಿಡಿದಳು.

“ನಿಲ್ಸೋ! ಪ್ಯಾಟ್ಸಿ ಕಾನ್ಸಿಡಿನ್ ಹೋಗ್ಬಿಟ್ನಂತೆ!”

“ಯಾರಮ್ಮಾ ಅವನು?”

“ಯಾರಾ? ನಿನ್ನ ಅತ್ತೆ ಡೆಲಿಯಾ ಮದುವೇಲಿ ಅಕಾರ್ಡಿಯನ್ ಬಾರಿಸಿದೋನ ಅಣ್ಣ ಕಣೋ. ಹನ್ನೊಂದಕ್ಕಂತೆ ಪೂಜೆ. ಹತ್ತಿರದಲ್ಲೇ ಇದೆ, ತಿರುಗ್ಸು.”

“ಅಮ್ಮಾ, ಬಂಡೆಗಳು…”

“ಬಂಡೆ ಎಲ್ಲಿಗೂ ಹೋಗಲ್ಲ. ಪ್ಯಾಟ್ಸಿ ಹೋಗ್ತಿದಾನೆ.”

ತಿರುಗಿಸಿದೆ. ಅಕಾರ್ಡಿಯನ್ನಿನವನ ಅಣ್ಣನಿಗಾಗಿ ಮುನ್ನೂರು ಜನರ ಸಾಲಿನಲ್ಲಿ ನಿಂತು, ಒಬ್ಬೊಬ್ಬರ ಕೈಯನ್ನೂ ಕುಲುಕಿ, “ನಿಮಗೆ ಬಂದ ಕಷ್ಟಕ್ಕೆ ನೊಂದ್ಕೊಂಡೆ” ಎಂದು ಹೇಳಿ ಬಂದೆವು. ಆಮೇಲೆ ಹೋಟೆಲಿನಲ್ಲಿ ಎಲ್ಲರಿಗೂ ಸೂಪು, ಸ್ಯಾಂಡ್‌ವಿಚ್ಚು. ಅಮ್ಮನ ಮುಖ ಅರಳಿತ್ತು. ಬಂಡೆಗಳನ್ನು ನೋಡುವ ಹೊತ್ತಿಗೆ ಮಂಜು ಮುಸುಕಿ ಬಂಡೆಯೂ ಇಲ್ಲ, ಕಡಲೂ ಇಲ್ಲ.

“ಪರವಾಗಿಲ್ಲ ಬಿಡೋ,” ಎಂದಳು ಅಮ್ಮ. “ಆ ಪ್ಯಾಟ್ಸಿಯ ಹಿರೀ ಮಗನ್ನ ನೋಡಿದ್ಯಾ? ಶವದ ಪೆಟ್ಟಿಗೆಯ ಮುಂದೆ ಬಲಗಡೆ ಹೆಗಲು ಕೊಟ್ಟು ನಡೆದ್ನಲ್ಲ, ಮೇಲೆ ಹಾಲಿನ ಲೋಟ ಇಟ್ಟಿದ್ರೂ ತುಳುಕ್ತಿರ್ಲಿಲ್ಲ. ಹಿರೀ ಮಗ ಅಂದ್ರೆ ಹಂಗಿರ್ಬೇಕು.”

ಹೀಗೆ ಐರ್ಲೆಂಡಿನಲ್ಲಿ ನಾನು ನೋಡಬೇಕೆಂದಿದ್ದ ಕೋಟೆಗಳ ಬದಲು ಇನ್ನೆರಡು ಅಂತ್ಯಕ್ರಿಯೆ ನೋಡಿ, ಹಡಗು ಹತ್ತಿದೆವು. ಡಬ್ಲಿನ್ ಬಂದರು ಹಿಂದೆ ಸರಿಯುತ್ತಿದ್ದಂತೆ ನನಗೆ ಕುಣಿಯಬೇಕೆನಿಸಿತು. ಬ್ರಿಟನ್ನಿನಲ್ಲಿ ಅಮ್ಮನಿಗೆ ಪರಿಚಯದವರು ಒಬ್ಬರೂ ಇಲ್ಲ. ಆದ್ದರಿಂದ ಸಾಯುವವರೂ ಇಲ್ಲ!

ವೇಲ್ಸ್ ದಾಟುವವರೆಗೂ ಅಮ್ಮ ರೇಡಿಯೋದ ಗುಂಡಿ ತಿರುವುತ್ತಲೇ ಇದ್ದಳು. ಹಾಡು, ಹವಾಮಾನ, ಕ್ರಿಕೆಟ್ಟು. ಸಾವಿನ ಸುಳಿವಿಲ್ಲ.

“ಏನೋ ಇದು, ಈ ದೇಶದಲ್ಲಿ ಯಾರೂ ಸಾಯೋದೇ ಇಲ್ವಾ?”

“ಸಾಯ್ತಾರಮ್ಮಾ. ಅವರವರ ಪಾಡಿಗೆ ಅವರು ಸಾಯ್ತಾರೆ. ಡಂಗುರ ಹೊಡೆಯಲ್ಲ.”

“ಪಾಪ,” ಎಂದು ಅಮ್ಮ ಇಡೀ ಇಂಗ್ಲೆಂಡಿಗೆ ಮರುಗಿದಳು.

ಥಾರ್ನ್‌ವಿಕ್ ದಿನ ಬಂತು. ಬಿಸಿಲು ಹೊಳೆಯುತ್ತಿತ್ತು, ಕಲ್ಲುಗೋಡೆಗಳ ನಡುವೆ ಕುರಿಗಳು, ದೂರದ ಗುಡ್ಡದ ಮೇಲೆ ಸಾಕ್ಷಾತ್ ಕೋಟೆ! ಎರಡು ಗಂಟೆಗೇ ಹತ್ತಿರ ಬಂದಿದ್ದೆವು. ಅಮ್ಮ ನೀಲಿ ಕೋಟಿನ ಗುಂಡಿ ಹಾಕಿಕೊಂಡು ಕನ್ನಡಿ ನೋಡಿಕೊಂಡಳು. ನಾನು ಹಾಡುತ್ತಿದ್ದೆ. ಒಂದು ತಿರುವು ದಾಟಿದ್ದೇ ತಡ, ಎದುರಿಗೆ ಒಂದು ಕಪ್ಪು ಗಾಡಿ. ಉದ್ದನೆಯದು. ಗಾಜಿನೊಳಗೆ ಹೂವು.

ಹಾಡು ನನ್ನ ಗಂಟಲಲ್ಲೇ ಅಸುನೀಗಿತು.

ಹೆಣದ ಗಾಡಿ ನಡಿಗೆಯ ವೇಗದಲ್ಲಿ ಸಾಗುತ್ತಿತ್ತು. ಅದರ ಹಿಂದೆ ಒಂದೇ ಒಂದು ಕಾರು. ರಸ್ತೆ ಕಿರಿದು, ಆದರೆ ಎದುರಿಗೆ ಖಾಲಿ. ನಾನು ಬಲಕ್ಕೆ ಇಣುಕಿದೆ.

“ಫರ್ಗಲ್!” ಅಮ್ಮನ ಧ್ವನಿಗೆ ಕುರಿಗಳೂ ತಲೆಯೆತ್ತಿದವು. “ಏನ್ ಮಾಡ್ತಿದೀಯ?”

“ಓವರ್‌ಟೇಕ್ ಅಮ್ಮಾ. ಮೂರಕ್ಕೆ ಚಹಾ…”

“ಕೊನೇ ಪ್ರಯಾಣಕ್ಕೆ ಹೊರಟಿರೋ ಮನುಷ್ಯನ್ನ ಓವರ್‌ಟೇಕ್ ಮಾಡ್ತೀಯಾ? ನಾನು ಹೆತ್ತಿದ್ದು ಇಂಥೋನನ್ನಾ? ದೀಪ ಹಾಕು. ಹಿಂದೆ ಹೋಗು.”

(ಓದುಗರೇ, ಇದರಲ್ಲಿ ನಾನು ಅಮ್ಮನನ್ನು ದೂರಲಾರೆ. ರಾಸ್ಕಾಮನ್ನಿನಲ್ಲಿ ಹುಟ್ಟಿದವನು ಹೆಣದ ಗಾಡಿಯನ್ನು ಹಿಂದೆ ಹಾಕಿದರೆ ಊರಿಗೆ ಮುಖ ತೋರಿಸುವ ಹಾಗಿಲ್ಲ.)

ಶವಯಾತ್ರೆಗೆ ಸೇರಿದ ಕಾರುಗಳು ಹಗಲಲ್ಲೂ ದೀಪ ಹಾಕುವುದು ರೂಢಿ; ನಾನೂ ಹಾಕಿ ಹಿಂದೆ ಹೋದೆ. ಗಾಡಿ ಒಂದು ಗೇಟಿನೊಳಗೆ ತಿರುಗಿತು. ನಾನು ನೇರವಾಗಿ ಹೋಗೋಣ ಎಂದರೆ, ಎತ್ತರದ ಕಪ್ಪು ಟೋಪಿಯ, ಅಂತ್ಯಕ್ರಿಯೆ ಕಂಪನಿಯ ಮನುಷ್ಯನೊಬ್ಬ ನಮ್ಮ ದೀಪ ನೋಡಿ ಬಹಳ ಗೌರವದಿಂದ ತಲೆಬಾಗಿ ಒಳಗೆ ಕೈ ತೋರಿಸಿದ. ಅಮ್ಮ ಅವನಿಗಿಂತ ಗೌರವದಿಂದ ತಲೆಬಾಗಿಸಿದಳು. ಆಯಿತಲ್ಲ! ಒಳಗೆ ಹೋದೆವು.

ಅದು ಸುಡುಗಾಡಿನ ಚಿಕ್ಕ ಪ್ರಾರ್ಥನಾಲಯ. ಬಾಗಿಲಲ್ಲಿ ನಿಂತಿದ್ದವರು ಒಬ್ಬ ವಿಧವೆ, ತಾಳೆಮರದಂಥ ಒಬ್ಬ ಮಗ, ನೆರೆಮನೆಯ ಇಬ್ಬರು. ಅಷ್ಟೇ.

ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. “ನಾಲ್ಕೇ ಜನವೇನೋ? ನಮ್ಮೂರಲ್ಲಿ ಕುದುರೆ ಸತ್ರೂ ಇದಕ್ಕಿಂತ ಜಾಸ್ತಿ ಬರ್ತಾರಲ್ಲೋ!” ಎಂದು ನನ್ನ ಕಿವಿಯಲ್ಲಿ ಹೇಳಿ, ನಾನು ಕೋಟು ಹಿಡಿಯುವ ಮೊದಲೇ ಹೋಗಿ ನಾಲ್ವರ ಕೈಯನ್ನೂ ಕುಲುಕಿದಳು. “ನಿಮಗೆ ಬಂದ ಕಷ್ಟಕ್ಕೆ ನೊಂದ್ಕೊಂಡೆ.”

ಇಂಗ್ಲಿಷರು ಸಭ್ಯರು. ‘ನೀವು ಯಾರು?’ ಎಂದು ಕೇಳಲಾರದೆ ಆ ವಿಧವೆ, ಹಿಲ್ಡಾ ಪಿಕರ್ಸ್‌ಗಿಲ್ ಎಂಬಾಕೆ, ಸುತ್ತಿ ಬಳಸಿ ಕೇಳಿದರು: “ಆರ್ಥರ್ ನಿಮಗೆ… ಹೇಗೆ ಪರಿಚಯ?”

ನಾನು ಭೂಮಿ ಬಿರಿಯಲಿ ಎಂದು ಕಾದೆ. (ಭೂಗೋಳದ ಪ್ರಕಾರ ಯಾರ್ಕ್‌ಶೈರಿನಲ್ಲಿ ಅದರ ಸಂಭವ ಕಡಿಮೆ.) ಅಮ್ಮ ಸುಳ್ಳು ಹೇಳುವವಳಲ್ಲ.

“ಪರಿಚಯ ಇಲ್ಲಮ್ಮಾ. ದಾರೀಲಿ ಅವರ ಹಿಂದೆ ಇದ್ವಿ. ಇಂಥಾ ಹೊತ್ತಲ್ಲಿ ಒಬ್ಬ ಮನುಷ್ಯನ್ನ ಹಿಂದೆ ಹಾಕ್ಕೊಂಡು ಹೋಗೋದು ಹೇಗೆ ಹೇಳಿ? ಅದಕ್ಕೇ ಬಂದ್ವಿ.”

ಹಿಲ್ಡಾ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

“ಅವರು ಬಸ್ ಡ್ರೈವರ್ ಆಗಿದ್ರು. ಮೂವತ್ತು ವರ್ಷ. ಹಾರ್ನ್ ಹೊಡ್ಕೊಂಡು ಹಿಂದೆ ಹಾಕಿ ಹೋಗ್ದೇ ಇದ್ದೋರು ಒಬ್ರಿಲ್ಲ. ನೀವೇ ಮೊದಲು.”

ಅಲ್ಲಿಗೆ ಮುಗಿದಿದ್ದರೆ ನಾನು ಇವತ್ತು ನೆಟ್ಟಗೆ ನಿಂತಿರುತ್ತಿದ್ದೆ. ಆದರೆ ಅಮ್ಮ ಪೆಟ್ಟಿಗೆಯ ಪಕ್ಕ ನಿಂತ ನಾಲ್ಕು ಕಪ್ಪು ಕೋಟಿನವರನ್ನು ನೋಡಿದಳು. “ಇವರು ಅಣ್ಣತಮ್ಮಂದಿರಾ?”

“ಅಲ್ಲ, ಹೊರೋಕೆ ಕಂಪನಿಯವರು,” ಎಂದ ಮಗ ಕೀತ್.

“ಹೊರೋಕೆ ಬಾಡಿಗೆಗೆ ಜನಾನಾ? ನೀನು ಇದೀಯಲ್ಲಪ್ಪಾ?”

ಕೀತ್ ಕೆಂಪಾದ. “ನನಗೆ ಆಸೆ ಇತ್ತು. ಕೇಳೋಕೆ ಹಿಂಜರಿದೆ.”

“ಹಿಂಜರಿಯೋದೇನು? ಮುಂದೆ ಎಡಗಡೆ ನೀನು. ಬಲಗಡೆ ಫರ್ಗಲ್. ಬಾರೋ ಫರ್ಗಲ್, ಹೆಗಲು ಕೊಡು.”

ಕೀತ್ ಆರೂವರೆ ಅಡಿ. ನನ್ನ ಎತ್ತರವನ್ನು ಕುರಿತು ನೋರೀನ್ ಕೂಡ ಬೈಯುವಾಗ ಮಾತ್ರ ಮಾತಾಡುತ್ತಾಳೆ. ಪೆಟ್ಟಿಗೆ ಎತ್ತಿದ ಕ್ಷಣವೇ ಆರ್ಥರ್ ಅವರು ನನ್ನ ಕಡೆಗೆ ವಾಲಿದರು. ಇಡೀ ಬಸ್ಸೇ ನನ್ನ ಮೇಲೆ ಬಂದ ಹಾಗಾಯಿತು. ನಾನು ತುದಿಗಾಲಲ್ಲಿ ನಡೆದೆ. ಹಿಂದಿನಿಂದ ಅಮ್ಮ, “ಮೇಲೆ! ಮೇಲೆತ್ತೋ! ಓರೆ ಆಯ್ತು!” ಎಂದು ಪಿಸುಗುಟ್ಟುತ್ತಿದ್ದಳು. (ಅಮ್ಮನ ಪಿಸುಮಾತು ಪಕ್ಕದೂರಿಗೆ ಕೇಳುತ್ತದೆ.) ಆರ್ಥರ್ ಅವರು ಬಾಗಿಲ ಹತ್ತಿರದ ಕೊನೆಯ ತಿರುವನ್ನು ಭಾರೀ ಓರೆಯಾಗಿಯೇ ತೆಗೆದುಕೊಂಡರು. ಆಗಲೇ ನನ್ನ ಸೊಂಟದಲ್ಲಿ ಏನೋ ಲಟಕ್ಕೆಂದಿತು.

ಮೂರು ಗಂಟೆಗೆ ಡ್ಯೂಕ್ ಮಹಾಶಯರ ಮೂರಂತಸ್ತಿನ ಕೇಕು ಅಮ್ಮನಿಗಾಗಿ ಕಾಯುತ್ತಿದ್ದಾಗ, ಅಮ್ಮ ಹಿಲ್ಡಾ ಅವರ ಪುಟ್ಟ ಮನೆಯಲ್ಲಿ ಅವರ ಕೈ ಹಿಡಿದು ಕೂತಿದ್ದಳು. ರಾಸ್ಕಾಮನ್ನಿನ ಹಣ್ಣಿನ ಕೇಕು ಮೇಜಿನ ಮೇಲಿತ್ತು. ಆಪತ್ತು ಬಂದಿತ್ತಲ್ಲ! ನಾನು ನೆಲದ ಕಂಬಳಿಯ ಮೇಲೆ, ಆರ್ಥರ್ ಅವರದೇ ಬಿಸಿನೀರಿನ ಚೀಲವನ್ನು ಸೊಂಟಕ್ಕಿಟ್ಟುಕೊಂಡು ಪವಡಿಸಿದ್ದೆ.

“ಸತ್ತು ಮೂರು ವಾರ ಆಯ್ತಾ? ಮೂರು ವಾರ ಒಬ್ಳೇ ಕೂತಿದ್ಯಾ?” ಅಮ್ಮ ಏಕವಚನಕ್ಕೆ ಇಳಿದಿದ್ದಳು. (ಇಂಗ್ಲೆಂಡಿನಲ್ಲಿ ಅಂತ್ಯಕ್ರಿಯೆಗೆ ಸರದಿ ಬರಲು ವಾರಗಳೇ ಹಿಡಿಯುತ್ತವೆ.) “ನಮ್ಮ ಕಡೆ ಮೂರು ದಿನದಲ್ಲಿ ಊರೆಲ್ಲ ಬಂದು ತಿಂದು ಅತ್ತು ಹಾಡಿ ಮುಗ್ಸಿರ್ತಾರೆ. ಹೇಳು, ಆರ್ಥರ್ ಹೇಗಿದ್ರು?”

ಹಿಲ್ಡಾ ಹೇಳತೊಡಗಿದರು. ಆರ್ಥರ್ ಅವರು ಒಮ್ಮೆ ದಾರಿ ತಪ್ಪಿ ಬಸ್ ತುಂಬ ಜನರನ್ನು ಸಮುದ್ರ ತೀರಕ್ಕೆ ಕರೆದುಕೊಂಡು ಹೋದದ್ದು, ಒಬ್ಬರೂ ಬೈಯದೆ ಎಲ್ಲರೂ ಐಸ್‌ಕ್ರೀಂ ತಿಂದದ್ದು. ಕೀತ್ ಅದನ್ನು ಮೊದಲ ಬಾರಿ ಕೇಳುತ್ತಿದ್ದನಂತೆ. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಎಂಥ ನಗು, ಎಂಥ ಅಳು! ಅಮ್ಮ ಮಧ್ಯೆ ಮಧ್ಯೆ ನನ್ನ ಕಡೆ ನೋಡಿ, “ಒಂದು ಹಾಡು ಹೇಳೋ,” ಎನ್ನುತ್ತಿದ್ದಳು. ಮಲಗಿದ್ದಲ್ಲಿಂದಲೇ ಹೇಳಿದೆ. ಅದಕ್ಕೂ ನಕ್ಕರು.

ಮುಂದಿನ ಪ್ರವಾಸ ಸೊಗಸಾಗಿಯೇ ಸಾಗಿತು, ಅಮ್ಮನಿಗೆ. ನಾನು ಕಾರಿನ ಸೀಟಿನ ಆಕಾರಕ್ಕೇ ಗಟ್ಟಿಯಾಗಿಬಿಟ್ಟಿದ್ದರಿಂದ ಓಡಿಸಲು ತೊಂದರೆ ಇರಲಿಲ್ಲ. ಇಳಿದಾಗ ಮಾತ್ರ ಕಣ್ಣಿಗೆ ನೆಲ ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. ಸ್ಕಾಟ್ಲೆಂಡಿನ ಜಗದ್ವಿಖ್ಯಾತ ಪರ್ವತಗಳ ಮುಂದೆ ನಿಂತು ಎರಡು ಜೀರುಂಡೆ ಮತ್ತು ಒಂದು ಚಾಕೊಲೇಟ್ ಕಾಗದವನ್ನು ವೀಕ್ಷಿಸಿದೆ.

“ಆಹಾ, ಏನು ಬೆಟ್ಟವೋ!” ಎನ್ನುತ್ತಿದ್ದಳು ಅಮ್ಮ.

“ಹೇಗಿದೆಯಮ್ಮಾ?” ಎಂದು ಭೂಗೋಳದ ಮೇಷ್ಟ್ರು ಕೇಳುತ್ತಿದ್ದ.

ಊರಿಗೆ ಬಂದೆವು. ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಜನ ಸೇರಿತು. ಮ್ಯಾಲಕಿಯೂ ಡಬ್ಲಿನ್ನಿನಿಂದ ಬಂದಿದ್ದ, ಹೊಳೆಯುವ ಹಲ್ಲುಗಳ ಸಮೇತ. ನಾನು ನೋರೀನಳ ತೋಳು ಹಿಡಿದು ಸಾಧ್ಯವಾದಷ್ಟು ನೆಟ್ಟಗೆ ನಿಂತೆ.

“ಹೇಗಿತ್ತಮ್ಮಾ ಪ್ರವಾಸ?” ಎಂದ ಮ್ಯಾಲಕಿ.

ಅಮ್ಮ ಸುತ್ತ ನೋಡಿದಳು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆಂದು ಖಚಿತವಾದ ಮೇಲೆ ಹೇಳಿದಳು: “ಲೂರ್ಡ್ಸ್ ಚೆನ್ನಾಗೇ ಇತ್ತು ಮ್ಯಾಲಕಿ. ಆದ್ರೆ ಇದರ ಮುಂದೆ ಅದೇನೂ ಅಲ್ಲ. ನನ್ನ ಜನ್ಮದಲ್ಲೇ ಇಂಥಾ ಪ್ರವಾಸ ಮಾಡಿರ್ಲಿಲ್ಲ!”

ಓದುಗರೇ, ಆ ಕ್ಷಣ ನನ್ನ ಸೊಂಟ ತಾನಾಗಿಯೇ ನೆಟ್ಟಗಾಯಿತು! ಹಲ್ಲುಗಳು ಮರೆಯಾದವು. ಒಂಬತ್ತು ವರ್ಷದ ಲೂರ್ಡ್ಸ್ ನನ್ನ ಕಣ್ಣೆದುರೇ ಕುಸಿದು ಬಿತ್ತು. ನೋರೀನ್ ಕೂಡ ನನ್ನ ಬೆನ್ನು ತಟ್ಟಿದಳು (ಮೆಲ್ಲಗೆ).

“ಹಿಲ್ಡಾ, ಕೀತು ಆಗಸ್ಟಲ್ಲಿ ಬರ್ತಾರೆ,” ಅಮ್ಮ ಮುಂದುವರಿಸಿದಳು. “ಫರ್ಗಲ್ ಅವರಿಗೆ ಐರ್ಲೆಂಡೆಲ್ಲ ತೋರಿಸ್ತಾನೆ. ಅವನ ರೂಮು ಅವರಿಗೆ ಕೊಟ್ಟಾಗಿದೆ.” ನೋರೀನ್ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು. “ಇನ್ನೊಂದು ಮಾತು. ಮ್ಯಾಲಕಿ, ಬಾ ಇಲ್ಲಿ. ನಾನು ಹೋದಾಗ ಪೆಟ್ಟಿಗೆಯ ಮುಂದೆ ಬಲಗಡೆ ನೀನು ಹೆಗಲು ಕೊಡ್ಬೇಕು.”

“ಅಮ್ಮಾ!” ಎಂದೆ ನಾನು. “ಅದು ಹಿರೀ ಮಗನ ಜಾಗ!”

“ಹೌದಪ್ಪಾ, ಆದ್ರೆ ನೀನು ಓರೆ ಹಿಡೀತೀಯ. ಆರ್ಥರ್ ಪಾಪ ಬಸ್ಸಿನೋರು, ಅಭ್ಯಾಸ ಇತ್ತು, ತಡ್ಕೊಂಡ್ರು. ನನಗೆ ತಲೆಸುತ್ತು ಬರುತ್ತೆ.” ಅಮ್ಮ ನನ್ನ ಕೆನ್ನೆಯನ್ನು ಪ್ರೀತಿಯಿಂದ ಸವರಿದಳು. “ನೀನು ಬೇಜಾರು ಮಾಡ್ಕೋಬೇಡ. ನೀನು ಕಾರಲ್ಲಿ ನನ್ನ ಹಿಂದೇನೇ ಬಾ. ದೀಪ ಹಾಕ್ಕೊಂಡು. ಅದು ನಿನಗೆ ಚೆನ್ನಾಗಿ ಬರುತ್ತೆ.”

ಎರಡು ಹೆಜ್ಜೆ ಹೋದವಳು ತಿರುಗಿ ನೋಡಿದಳು.

“ಓವರ್‌ಟೇಕ್ ಮಾಡ್ಬೇಡ.”