ಹೆಂಡತಿಯ ಮೈಕಿಗೆ ನಾನು ಆರಿಸಿದ ಸೆಲ್ಲು

ಸಾಮಾನು ಆರಿಸುವುದರಲ್ಲಿ ನಾನು ಜಾಣನೆಂದು ಪೇಟೆ ಒಪ್ಪುತ್ತದೆ, ಮನೆ ಒಪ್ಪುವುದಿಲ್ಲ. ಸಾಂಗಲಿಯಲ್ಲಿ ಅಜ್ಜನ ಕಾಲದಿಂದ ನಮ್ಮದು ಅರಿಶಿನದ ವ್ಯಾಪಾರ. ಕೊಂಬು ಮುರಿದು ಮೂಗಿಗೆ ಹಿಡಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತೇನೆ. ಆದರೆ ಮಿರಜದ ನಮ್ಮ ಮನೆಗೆ ನಾನು ತಂದ ಕುಕ್ಕರು, ಕೊಡೆ, ಸೊಳ್ಳೆಪರದೆ ಯಾವುದನ್ನೂ ನನ್ನ ಹೆಂಡತಿ ಶಾಂತಾ ಹೊಗಳಿದ ನೆನಪಿಲ್ಲ.

ಅಂಥವಳು ಹೋದ ತಿಂಗಳು ತಾನಾಗಿಯೇ ನನಗೊಂದು ಕೆಲಸ ಹೇಳಿದಳು. ನಮ್ಮ ಓಣಿಯ ಅಕ್ಕನ ಬಳಗದವರು ಪ್ರತಿ ಸೋಮವಾರ ಸಂಜೆ ವಚನ ಹಾಡುತ್ತಾರೆ. ಮೊದಲ ಬಾರಿಗೆ ಮುಂದೆ ಕೂತು ಹಾಡುವ ಸರದಿ ಅವಳಿಗೆ ಬಂದಿತ್ತು. ಬಳಗದ ಮೈಕಿಗೆ ಎರಡು ಪೆನ್ಸಿಲ್ ಸೆಲ್ಲು ಬೇಕು. ಮಾಮೂಲಿ ಸೆಲ್ಲು ಹಾಕಿದಾಗೆಲ್ಲ ಯಾರದಾದರೂ ಹಾಡು ಅರ್ಧಕ್ಕೆ ನಿಂತಿದೆ. "ಚಾರ್ಜ್ ಮಾಡೋ ಸೆಲ್ ತರ್ರಿ. ನಂದೂ ನಡುವ ನಿಂತ್ರ ನಾ ಮತ್ತ ಬಳಗಕ್ಕ ಹೋಗಾಕಿ ಅಲ್ಲ," ಎಂದಳು. ತಮಾಷೆಗೆ ಹೇಳಿದ್ದಲ್ಲ, ಆ ವಾರವೆಲ್ಲ ಅವಳಿಗೆ ಸರಿಯಾಗಿ ಊಟವೇ ಸೇರಿರಲಿಲ್ಲ.

ಅಂಗಡಿಯಲ್ಲಿ ನನ್ನ ವಿದ್ಯೆಯೆಲ್ಲ ಕೈಕೊಟ್ಟಿತು. ಎಲ್ಲ ಸೆಲ್ಲುಗಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಅಭ್ಯಾಸಬಲದಿಂದ ಮೂಗಿನ ಹತ್ತಿರವೂ ಒಯ್ದೆ. "ಕಾಕಾ, ಅದನ್ನ ಮೂಸಿ ತಗೊಳ್ಳಾಂಗಿಲ್ರಿ," ಎಂದ ಅಂಗಡಿಯವನು ಸೆಲ್ಲಿನ ಮೈಮೇಲೆ ಬರೆದಿದ್ದ ಅಂಕಿ ತೋರಿಸಿದ. ಅಂಕಿ ದೊಡ್ಡದಿದ್ದಷ್ಟೂ ಹೆಚ್ಚು ಹೊತ್ತು ಬರುತ್ತದಂತೆ. ಚಾರ್ಜರಿನಲ್ಲಿ ಅವಸರದ್ದೊಂದು, ನಿಧಾನದ್ದೊಂದು. ಅವಸರದಲ್ಲಿ ಒಣಗಿಸಿದ ಅರಿಶಿನವನ್ನು ಕಂಡವನು ನಾನು. ರಾತ್ರಿಯಿಡೀ ಹಿಡಿಯುವ ನಿಧಾನದ್ದನ್ನೇ ಆರಿಸಿದೆ. "ನಾಕ ಸೆಲ್ ತಗೋರಿ. ಹಳೇದರ ಜೋಡಿ ಹೊಸಾದು ಕೂಡಸಬ್ಯಾಡ್ರಿ, ಹಳೇದು ಲಗೂನ ಮುಗದು ಎರಡೂ ನಿಂತಾವು," ಎಂದ. ಮಾಲು ಸಾಗಿಸುವ ಮಾತು ನನಗೆ ತಿಳಿಯದೇ? ಎರಡೇ ಕೊಂಡೆ.

ಯಾಕೆಂದರೆ ಮನೆಯ ಟಾರ್ಚಿನಲ್ಲಿ ಅಂಥವೇ ಚಾರ್ಜಿನ ಎರಡು ಹಳೆಯವು ಇದ್ದವು, ಅವುಗಳ ಚಾರ್ಜರು ಮಾತ್ರ ಕೆಟ್ಟಿತ್ತು. ಹಳೆಯ ಮಾಲು ಉಳಿದರೆ ಅದನ್ನು ಹೊಸದರಲ್ಲಿ ಹದವಾಗಿ ಬೆರೆಸಿ ದಾಟಿಸುವುದು ನಮ್ಮ ಮನೆತನದ ಪದ್ಧತಿ. ಇದನ್ನು ಯಾರೂ ಮೋಸ ಅನ್ನಬಾರದು, ಹೊಂದಾಣಿಕೆ ಅನ್ನಬೇಕು. ಒಂದು ಹಳೆಯದು, ಒಂದು ಹೊಸದು ಸೇರಿಸಿ ಟಾರ್ಚಿಗೊಂದು ಜೋಡಿ, ಮೈಕಿಗೊಂದು ಜೋಡಿ ಮಾಡಿದೆ. ರಾತ್ರಿಯಿಡೀ ಚಾರ್ಜಾಗಿ ಬೆಳಿಗ್ಗೆ ಎಲ್ಲಕ್ಕೂ ಹಸಿರು ದೀಪ ಬಂದಿತ್ತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸೋಮವಾರ ಎರಡನೆಯ ವಚನದ ನಡುವೆ ಮೈಕು ಕಣ್ಣು ಮುಚ್ಚಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಫ್ಯಾನು ನೋಡತೊಡಗಿದೆ. ಶಾಂತಾ ಮೈಕನ್ನು ಒಮ್ಮೆ ತಟ್ಟಿದಳು, ಕೆಳಗಿಟ್ಟಳು, ಅದೇ ಸಾಲನ್ನು ಬರಿಗಂಟಲಿನಲ್ಲಿ ಎತ್ತಿಕೊಂಡಳು. ಹಿಂದೆ ಹರಟುತ್ತಿದ್ದವರು ಸುಮ್ಮನಾಗಿ ಮುಂದಕ್ಕೆ ಸರಿದರು, ನಾನೂ ಸರಿದೆ. ಸ್ಪೀಕರಿನ ಗೊರಗೊರ ಇರಲಿಲ್ಲ. ಅವಳ ಹಾಡನ್ನು ಹೀಗೆ ಕೂತು ಕೇಳಿದ್ದು ನನಗೆ ಅದೇ ಮೊದಲು. ಎದೆ ತುಂಬಿ ಬಂತು, ನಾಚಿಕೆಯೂ ಆಯಿತು.

ಮನೆಗೆ ಬಂದು, ಜಾಡಿಸಲಿ ಎಂದು ತಲೆ ತಗ್ಗಿಸಿಯೇ ಎಲ್ಲ ಹೇಳಿಬಿಟ್ಟೆ. ಅವಳು ಸೀರೆಯ ಪಿನ್ನು ಬಿಚ್ಚುತ್ತ ಕೇಳಿಸಿಕೊಂಡಳು.

"ಎಲ್ಲಾರೂ ಭಾಳ ಚಲೋ ಆತು ಅಂದ್ರು. ಮುಂದಿನ ಸೋಮವಾರನೂ ನಾನ ಹಾಡಬೇಕಂತ," ಎಂದಳು. ಆಮೇಲೆ ಮೆಲ್ಲಗೆ, "ಅವತ್ತೂ ಅದ ಜೋಡಿ ಹಾಕಿ ಕೊಡ್ರಿ."

ನಾನು ಆರಿಸಿದ್ದನ್ನು ಅವಳು ಎರಡನೆಯ ಸಲ ಕೇಳಿದ್ದು ಇದೊಂದೇ. ಅದೂ ಕೆಟ್ಟು ನಿಲ್ಲುತ್ತದೆ ಎಂಬ ಪೂರ್ಣ ಭರವಸೆಯಿಂದ.