ಬೈರಮಂಗಲದ ಕೆರೆ ಏರಿಯ ಬಳಿ ನನ್ನ ಕಾರಿನ ದೀಪ ಒಡೆದ ಮಹನೀಯರಿಗೆ

ಮಾನ್ಯರೇ,

ತಮಗೂ, ತಮ್ಮ ಬಿಳಿಯ ದೊಡ್ಡ ಕಾರಿಗೂ, ಅದರ ಡಿಕ್ಕಿಯಲ್ಲಿ ವಿಶ್ರಮಿಸುತ್ತಿರುವ ಚಕ್ರ ಬಿಚ್ಚುವ ಸ್ಪ್ಯಾನರಿಗೂ ಬೈರಮಂಗಲ ಸುತ್ತಿನ ಪಶುವೈದ್ಯನಾದ ಅನಂತರಾಜುವಿನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕಾರು ಅಷ್ಟು ಕ್ಷೇಮವಾಗಿಲ್ಲ. ಅದರ ಬಲಗಣ್ಣು ಹೋಗಿದೆ, ಕನ್ನಡಿ ವೈರಿನಲ್ಲಿ ಜೋತಾಡುತ್ತಿದೆ, ನನ್ನ ಕಡೆಯ ಬಾಗಿಲು ತೆರೆಯುವುದನ್ನೇ ಬಿಟ್ಟಿದೆ.

ಕಂಪನಿಗಳಿಗೆ ಮಣ್ಣು ಹೊಡೆಯುವ ಹತ್ತಾರು ಟಿಪ್ಪರುಗಳ ಒಡೆಯರಾದ ತಾವು ಇಷ್ಟು ಚಿಕ್ಕ ಕೆಲಸವನ್ನು ಮರೆತಿರಲೂಬಹುದು, ಆದ್ದರಿಂದ ನೆನಪಿಸುವ ಧೈರ್ಯ ಮಾಡುತ್ತೇನೆ. ಈ ಎರಡು ಸಾವಿರದ ಎಂಟನೇ ಇಸವಿಯ ಫೆಬ್ರವರಿ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಕಾಲುಬಾಯಿ ಜ್ವರದ ಲಸಿಕೆ ತುಂಬಿದ ಐಸ್ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು, ನನ್ನ ಹಳೆಯ ಮಾರುತಿ ಎಂಟುನೂರರಲ್ಲಿ ನಾನು ಕೆರೆ ಏರಿಯ ಮೇಲೆ ಹೋಗುತ್ತಿದ್ದೆ. ಮುಂದೆ ರೈತರಾದ ಚೆಲುವಯ್ಯನವರು ತಮ್ಮ ಜೋಡಿ ಎತ್ತುಗಳನ್ನು ಹೊಡೆದುಕೊಂಡು ನಡೆಯುತ್ತಿದ್ದರು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಸರಿದು ದಾರಿ ಬಿಡಲು ಎತ್ತುಗಳಿಗೂ ಜಾಗವಿರಲಿಲ್ಲ, ನನಗೂ ಇರಲಿಲ್ಲ. ಹಿಂದೆ ತಾವು ಬಂದಿರಿ. ಏರಿಯ ಉದ್ದಕ್ಕೂ ತಾವು ಬಿಡದೆ ಬಾರಿಸಿದ ಹಾರನ್ನನ್ನು ಕೇಳಿ ನೀರಿನ ಮೇಲಿದ್ದ ಕೊಕ್ಕರೆಗಳು ತಕ್ಷಣ ದಾರಿ ಬಿಟ್ಟುಕೊಟ್ಟವು. ಆ ವಿವೇಕ ನನಗೆ ಬರಲಿಲ್ಲವಲ್ಲ ಎಂದು ಇಂದಿಗೂ ಪಶ್ಚಾತ್ತಾಪ ಪಡುತ್ತಿದ್ದೇನೆ.

ಏರಿ ಮುಗಿದ ಮೇಲೆ ತಾವು ಮುಂದಕ್ಕೆ ನುಗ್ಗಿ, ಕಾರನ್ನು ನನಗೆ ಅಡ್ಡ ನಿಲ್ಲಿಸಿ, ಡಿಕ್ಕಿ ತೆಗೆದು, ಯಾವ ಅವಸರವೂ ಇಲ್ಲದೆ ಸ್ಪ್ಯಾನರನ್ನು ಆರಿಸಿಕೊಂಡಿರಿ. ಸಮಯವಿಲ್ಲವೆಂದು ಅಷ್ಟು ಹೊತ್ತು ಹಾರನ್ ಮಾಡಿದವರಿಗೆ ಅಷ್ಟೊಂದು ಸಮಯ ಎಲ್ಲಿಂದ ಬಂತೆಂದು ನಾನು ಬೆರಗಾದೆ. "ಏನ್ಲಾ, ಎತ್ತಿನ್ ಹಿಂದೆ ಮೆರವಣಿಗೆ ಹೊಂಟಿದ್ದೀಯಾ?" ಎಂದು ಕೇಳಿ ದೀಪಕ್ಕೊಂದು, ಕನ್ನಡಿಗೊಂದು, ಬಾನೆಟ್ಟಿಗೊಂದು ಏಟು ಕೊಟ್ಟಿರಿ, ಬಾಗಿಲಿಗೆ ಮಾತ್ರ ಕಾಲೇ ಸಾಕೆಂದು ತೀರ್ಮಾನಿಸಿದಿರಿ. ಚೆಲುವಯ್ಯನವರು ಓಡಿ ಬಂದು, "ಬುದ್ಧೀ, ಅವ್ರು ದನದ್ ಡಾಕ್ಟ್ರು, ಬುಟ್ಬುಡಿ" ಎಂದು ಕೈ ಮುಗಿದರು. "ದನದ್ ಡಾಕ್ಟ್ರಾದ್ರೆ ದನದ್ ಜೊತೆ ನಡ್ಕೊಂಡ್ ಹೋಗ್ಲಿ" ಎಂದು ಆಜ್ಞಾಪಿಸಿ ತಾವು ಹೊರಟುಹೋದಿರಿ. ನಾನು ಕಾರಿನೊಳಗೆ ಸ್ಟೇರಿಂಗ್ ಹಿಡಿದುಕೊಂಡು ಕುಳಿತೇ ಇದ್ದೆ. ಹೋರಿ ಒದ್ದರೂ ಹೆದರದವನು ಆ ದಿನ ಹೆದರಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೂ ತಮ್ಮ ಕಾರಿನ ನಂಬರನ್ನು ಲಸಿಕೆಯ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ.

ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಲಿಂಗಯ್ಯನವರು ನನ್ನ ಮಾತನ್ನು ಚೆನ್ನಾಗಿಯೇ ಕೇಳಿಸಿಕೊಂಡು ಬರೆಯತೊಡಗಿದ್ದರು. ನಂಬರು ಹೇಳಿದ ಕೂಡಲೇ ಪೆನ್ನಿಗೆ ಕ್ಯಾಪು ಹಾಕಿದರು. "ಸಾರ್, ಬೇಕೂಂತ ಒಡ್ದ ಅಂದ್ರೆ ಕೇಸಾಯ್ತದೆ. ಕೇಸಾದ್ರೆ ಕೋರ್ಟು. ನಿಮ್ಗೆ ಇನ್ಶೂರೆನ್ಸ್ ಸಿಕ್ರೆ ಸಾಕಲ್ವಾ? ಎತ್ತು ಹಾಯ್ತು ಅಂತ ಬರ್ಕೊಡಿ, ಒಸಿ ಸುಲಭ ಆಯ್ತದೆ" ಎಂದರು. ಇಪ್ಪತ್ತೆರಡು ವರ್ಷ ದನಗಳ ಅನ್ನ ತಿಂದವನು ನಾನು. ಆದರೂ ಹೊರಗೆ ಬಿಸಿಲೇರುತ್ತಿತ್ತು, ಲಸಿಕೆಯ ಐಸ್ ಕರಗುತ್ತಿತ್ತು, ಮೂರು ಊರಿನ ಜನ ಹಸು ಕಟ್ಟಿಕೊಂಡು ಕಾಯುತ್ತಿದ್ದರು. ಇದು ಇನ್ಶೂರೆನ್ಸಿನವರು ಓದಿ ಮರೆಯುವ ಕಾಗದ, ಎತ್ತಿಗೇನು ನಷ್ಟ ಎಂದುಕೊಂಡು, ಏರಿಯ ಬಳಿ ಚೆಲುವಯ್ಯನವರ ಎತ್ತು ಕಾರಿಗೆ ಹಾಯ್ದು ಒದ್ದಿತೆಂದು ಬರೆದು ಸಹಿ ಹಾಕಿದೆ. ತಾವು ಮಾಡಿದ್ದನ್ನು ತಾವು ಧೈರ್ಯವಾಗಿ ಹಗಲಿನಲ್ಲಿ ಮಾಡಿದಿರಿ. ನಾನು ಮಾಡಿದ್ದನ್ನು ಫ್ಯಾನಿನ ಕೆಳಗೆ ಕುಳಿತು ಮಾಡಿದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚೆಂದು ಹೇಳುವುದು ಕಷ್ಟ.

ಆ ಕಾಗದ ಠಾಣೆಯಿಂದ ತಮ್ಮ ಕೈಗೆ ಯಾವ ದಾರಿಯಲ್ಲಿ ಬಂತೋ ನನಗೆ ತಿಳಿಯದು. ಆದರೆ ಅದನ್ನು ತಾವು ಬಳಸಿಕೊಂಡ ಜಾಣ್ಮೆಗೆ ತಲೆಬಾಗುತ್ತೇನೆ. ಗುರುವಾರ ತಮ್ಮ ಮ್ಯಾನೇಜರ್ ನಟರಾಜು ಅದರ ಜೆರಾಕ್ಸ್ ಹಿಡಿದುಕೊಂಡು ಚೆಲುವಯ್ಯನವರ ಮನೆಗೆ ಹೋಗಿ, ಎತ್ತು ಸರ್ಕಾರಿ ಡಾಕ್ಟರ ಕಾರನ್ನು ಒಡೆದಿದೆ, ಕೇಸಾದರೆ ಎತ್ತನ್ನು ಹಿಡಿದುಕೊಂಡು ಹೋಗುತ್ತಾರೆ, ಅವರ ಹಿಪ್ಪುನೇರಳೆ ತೋಟದ ಮಧ್ಯೆ ತಮ್ಮ ಟಿಪ್ಪರುಗಳಿಗೆ ದಾರಿ ಬಿಟ್ಟರೆ ತಾವೇ ಎಲ್ಲ ಸರಿಮಾಡುತ್ತೀರಿ ಎಂದು ಹೇಳಿದರಂತೆ. ಒಂದು ವರ್ಷದಿಂದ ತಾವು ಕೇಳುತ್ತಿದ್ದ, ಅವರು ಕೊಡುವುದಿಲ್ಲವೆನ್ನುತ್ತಿದ್ದ ದಾರಿ ಅದು.

ಶುಕ್ರವಾರ ಬೆಳಿಗ್ಗೆ ಚೆಲುವಯ್ಯನವರು ಎತ್ತನ್ನು ಹಿಡಿದುಕೊಂಡು ಆಸ್ಪತ್ರೆಗೇ ಬಂದರು. ಜಗಳ ಆಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಎತ್ತಿನ ಹಗ್ಗ ಹಿಡಿದು ನಿಂತು, "ನಾನ್ ಓದ್ದೋನಲ್ಲ ಸಾಮಿ, ನೀವು ಓದಿರೋರು. ನನ್ನೆತ್ತು ನಿಮ್ ಕಾರ್ ಮುಟ್ನಿಲ್ಲ ಅಂತ ನಿಮ್ಗೂ ಗೊತ್ತು, ನನ್ಗೂ ಗೊತ್ತು. ನೀವೇ ಹಿಂಗ್ ಬರ್ದ್ರೆ ನಾನ್ ಯಾರ್ ತಾವ್ ಹೋಗ್ಲಿ?" ಎಂದರು. ನಾನು ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ನಿಂತೆ. ಅದು ನನ್ನ ಕೈ ನೆಕ್ಕಿತು.

ಅಂದು ಮಧ್ಯಾಹ್ನವೇ ಕಾರನ್ನು ರಾಮನಗರಕ್ಕೆ ಒಯ್ದು ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿರುವ ಇದ್ರೀಸ್ ಅವರ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಇದ್ರೀಸ್ ಬಾನೆಟ್ಟಿನ ಮೇಲಿನ ತಗ್ಗಿನಲ್ಲಿ ಬೆರಳಾಡಿಸಿ, ನನ್ನ ಕಾಗದವನ್ನು ಓದಿಸಿ ಕೇಳಿ, "ಏನ್ ಸಾರ್, ಎತ್ತು ಕೈಯಲ್ಲಿ ಸ್ಪ್ಯಾನರ್ ಹಿಡ್ಕಂಡಿತ್ತಾ?" ಎಂದರು. ತಗ್ಗು ಬಳೆಯಂತೆ ದುಂಡಗಿತ್ತು. ತಮ್ಮ ಸ್ಪ್ಯಾನರಿನ ಬಾಯಿ ಅಲ್ಲಿ ಮುದ್ರೆ ಒತ್ತಿಟ್ಟಂತೆ ಕುಳಿತಿತ್ತು. ಇದ್ರೀಸ್ ಅದರ ಫೋಟೋ ತೆಗೆಸಿ, ಕಣ್ಣಾರೆ ಕಂಡದ್ದನ್ನು ಬರೆಸಿ ಸಹಿ ಮಾಡಿಕೊಟ್ಟು, ಆ ಗುರುತು ಉಳಿಯಲೆಂದು ಕಾರನ್ನು ರಿಪೇರಿ ಮಾಡದೆ ಹಿಂದಿರುಗಿಸಿದರು.

ಶನಿವಾರ ನಾನು ನನ್ನ ವೃತ್ತಿಜೀವನದ ಅತಿ ಮುಖ್ಯವಾದ ಪ್ರಮಾಣಪತ್ರವನ್ನು ಬರೆದೆ. ಚೆಲುವಯ್ಯನವರ ಎರಡೂ ಎತ್ತುಗಳನ್ನು ಖುದ್ದಾಗಿ ಪರೀಕ್ಷಿಸಿದ್ದೇನೆಂದೂ, ಅವುಗಳ ಕೊಂಬು ಬೆನ್ನಿನ ಕಡೆಗೆ ಬಾಗಿರುವುದರಿಂದ ಕಾರಿನ ದೀಪಕ್ಕೆ ಹಾಯಬೇಕಾದರೆ ಅವು ಮೊದಲು ಮಂಡಿಯೂರಿ ಕಾರಿಗೆ ಸಾಷ್ಟಾಂಗ ಹಾಕಬೇಕಾಗುತ್ತದೆಂದೂ, ಎತ್ತಿನ ಗೊರಸು ಸೀಳಿರುವುದರಿಂದ ಅದು ಒದ್ದರೆ ದುಂಡು ಗುರುತು ಬೀಳುವುದಿಲ್ಲವೆಂದೂ ಬರೆದು, ದುಂಡನೆಯ ಮೊಹರು ಒತ್ತಿದೆ. ಅದರ ಕೆಳಗೆ, ಸೋಮವಾರ ನಾನು ಬರೆದುಕೊಟ್ಟ ಹೇಳಿಕೆ ಸುಳ್ಳು, ಅದಕ್ಕೆ ನಾನೇ ಹೊಣೆ ಎಂದೂ ಬರೆದೆ. ನನ್ನ ಮೇಲೆ ಇಲಾಖೆಯ ವಿಚಾರಣೆ ನಡೆಯಬಹುದು, ನಡೆಯಲಿ.

ಸಬ್ ಇನ್ಸ್‌ಪೆಕ್ಟರರು ಅದನ್ನು ಮೊದಲು ನಗುತ್ತ ಓದಿದರು, ಕೊನೆಯ ಸಾಲಿಗೆ ಬಂದಾಗ ನಗು ನಿಲ್ಲಿಸಿದರು. ನನ್ನನ್ನು ಕೂರಿಸಿ ಚೆನ್ನಾಗಿಯೇ ಬೈದರು. ಬೈದು ಮುಗಿಸಿ, "ಲಿಂಗಯ್ಯ, ಪೆನ್ ತಗೊಳ್ಳಯ್ಯ" ಎಂದರು. ಚೆಲುವಯ್ಯನವರು ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ಹೀಗೆ ತಮ್ಮ ಶುಭನಾಮ ಎತ್ತಿನ ಜಾಗದಲ್ಲಿ ಕ್ರಮವಾಗಿ ದಾಖಲಾಯಿತು. ಮರುದಿನ ತಾವು ವಕೀಲರೊಂದಿಗೆ ಠಾಣೆಗೆ ದಯಮಾಡಿಸಿ, ಸ್ಪ್ಯಾನರು ಕೈಜಾರಿ ಬಿತ್ತೆಂದು ಬರೆದುಕೊಟ್ಟಿರೆಂದು ಕೇಳಿದೆ. ಒಂದೇ ಸ್ಪ್ಯಾನರು ಮೂರು ಜಾಗದಲ್ಲಿ ಕೈಜಾರಿದ್ದನ್ನು ನ್ಯಾಯಾಲಯವೂ ನನ್ನಷ್ಟೇ ಆಶ್ಚರ್ಯದಿಂದ ಕೇಳಲಿ. ನಟರಾಜು ಅವರು ತೋಟದ ಕಡೆ ಮತ್ತೆ ಬಂದಿಲ್ಲ. ತಮ್ಮ ಟಿಪ್ಪರುಗಳು ಎರಡು ಮೈಲಿ ಸುತ್ತಿಕೊಂಡು ಹೋಗುತ್ತಿವೆ.

ಇನ್ನು ನನ್ನ ಕೋರಿಕೆಗಳು. ಏರಿಯ ಮೇಲೆ ಎದುರಾದಾಗ ಎತ್ತುಗಳು ಎಷ್ಟು ಎತ್ತರಕ್ಕೆ ಹಾರಿ ತಮಗೆ ದಾರಿ ಬಿಡಬೇಕೆಂದು ಲಿಖಿತವಾಗಿ ತಿಳಿಸಿದರೆ, ಮುಂದಿನ ಲಸಿಕೆ ಶಿಬಿರದಲ್ಲೇ ತರಬೇತಿ ಆರಂಭಿಸುತ್ತೇನೆ. ಬಾಗಿಲಿಗೆ ಒದ್ದ ತಮ್ಮ ಕಾಲಿಗೆ ನೋವಾಗಿದ್ದರೆ ಆಸ್ಪತ್ರೆಗೆ ಬನ್ನಿ. ದೊಡ್ಡ ಪ್ರಾಣಿಗಳಿಗೆ ಹಚ್ಚುವ ಮುಲಾಮು ಸಾಕಷ್ಟಿದೆ. ಮತ್ತು ಬಿಡುವಾದಾಗ ಒಮ್ಮೆ ಚೆಲುವಯ್ಯನವರ ಹಟ್ಟಿಗೆ ಹೋಗಿ ಅವರ ಮುಂದೆ ಎರಡು ಮಾತಾಡಿ. ನಾನು ಈಗಾಗಲೇ ಹೋಗಿ ಬಂದಿದ್ದೇನೆ. ಅದು ಅಷ್ಟೇನೂ ಸುಲಭವಲ್ಲ, ಆದರೆ ಮುಗಿಯುವ ಹೊತ್ತಿಗೆ ಅವರೇ ಮಜ್ಜಿಗೆ ಕೊಡುತ್ತಾರೆ.

ಎಡಬಾಗಿಲಿನಿಂದ ಹತ್ತಿ, ಗೇರು ದಾಟಿ ಬಂದು ಸೀಟು ಸೇರುವುದನ್ನು ಈ ವಯಸ್ಸಿನಲ್ಲಿ ಕಲಿತಿರುವ,
ತಮ್ಮ ವಿಶ್ವಾಸಿ,
ಅನಂತರಾಜು
ಪಶುವೈದ್ಯ

ತಾಜಾ ಕಲಂ: ನಿನ್ನೆ ಬೆಳಿಗ್ಗೆ ಒಂದು ಮನೆಯಿಂದ ಕರೆ ಬಂತು, ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು. ಹೋಗಿ ಒಂದೂವರೆ ಗಂಟೆ ಹೆಣಗಿದ ಮೇಲೆ ಹೆಣ್ಣುಗರು ಬಂತು, ತಾಯಿ ಮಗು ಎರಡೂ ಕ್ಷೇಮ. ಮನೆಯ ಹಿರಿಯಮ್ಮ ಕೈತೊಳೆಯಲು ಬಿಸಿನೀರು ಕೊಟ್ಟು, ಒಳಗೆ ಕೂರಿಸಿ ಕಾಫಿ ಕೊಟ್ಟರು. ಗೋಡೆಯ ಮೇಲೆ ಮದುವಣಿಗನ ವೇಷದಲ್ಲಿದ್ದ ತಮ್ಮ ಫೋಟೋ ನೋಡಿದಾಗಲೇ ನನಗೆ ಗೊತ್ತಾದದ್ದು ಅದು ಯಾರ ಮನೆಯೆಂದು. ಕಳಿಸಿಕೊಡಲು ಬಂದ ಆ ಹಿರಿಯಮ್ಮ ನನ್ನ ಕಾರನ್ನು ನೋಡಿ, "ಅಯ್ಯೋ, ಹೊಟ್ಟೇಗ್ ಅನ್ನ ತಿನ್ನೋನು ಮಾಡೋ ಕೆಲ್ಸವಾ ಇದು? ಯಾವ್ ತಾಯಿ ಹೆತ್ತಳಪ್ಪಾ ಅಂಥೋನ್ನ?" ಎಂದು ಕೇಳಿದರು. ನಾನು ಗೊತ್ತಿಲ್ಲವೆಂದೆ. ಓದಲು ಬರುವುದಿಲ್ಲವೆಂದು ಅವರೇ ಹೇಳಿದ್ದರಿಂದ ಧೈರ್ಯವಾಗಿ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಬೇರೆ ಯಾರಾದರೂ ಓದಿ ಹೇಳುವ ಮೊದಲು ತಾಯಿಗೆ ತಾವೇ ಹೇಳಿಬಿಡುವುದು ಒಳ್ಳೆಯದು.